ಓದಿದ್ದಕ್ಕೆ ಬಹುಮಾನ ಕೊಡಬೇಕೇ?

ಜೂನ್ 19ಕ್ಕೆ ನಿಮ್ಮ ಮಕ್ಕಳ ಶಾಲೆಯಲ್ಲಿ ವಾಚನಾ ದಿನ ಆಚರಿಸುತ್ತಾರೆ. ಕೇರಳದಲ್ಲಿ ಗ್ರಂಥಾಲಯ ಚಳವಳಿಯನ್ನು ಕಟ್ಟಿ ಬೆಳೆಸಿದ ಪಿ.ಎನ್. ಪಣಿಕ್ಕರ್ 1995ರಲ್ಲಿ ತೀರಿಕೊಂಡದ್ದು ಆ ದಿನ. ಮರುವರ್ಷದಿಂದ ಅದು ಓದಿನ ದಿನವಾಯಿತು, ಬೆನ್ನಿಗೆ ವಾಚನಾ ವಾರವೂ ಸೇರಿಕೊಂಡಿತು. ಅಸೆಂಬ್ಲಿಯಲ್ಲಿ ಪ್ರತಿಜ್ಞೆ, ಪುಸ್ತಕ ಪ್ರದರ್ಶನ, ರಸಪ್ರಶ್ನೆ, ಓದಿದ ಪುಸ್ತಕದ ಬಗ್ಗೆ ಟಿಪ್ಪಣಿ ಬರೆಯುವ ಸ್ಪರ್ಧೆ. ಅತಿ ಹೆಚ್ಚು ಪುಸ್ತಕ ಓದಿದ ಮಗುವಿಗೆ ಸ್ಟೀಲಿನ ತಟ್ಟೆಯೋ ಲೋಟವೋ ಒಂದು ಪ್ರಮಾಣಪತ್ರವೋ ಸಿಗುತ್ತದೆ. ಮನೆಯಲ್ಲಿ ನೀವೂ ಸುಮ್ಮನಿರುವುದಿಲ್ಲ. "ಈ ಪುಸ್ತಕ ಓದಿ ಮುಗಿಸು, ಐಸ್‌ಕ್ರೀಮ್ ಕೊಡಿಸುತ್ತೇನೆ" ಎನ್ನುತ್ತೀರಿ. ಮಗು ಓದುತ್ತದೆ. ಐಸ್‌ಕ್ರೀಮೂ ತಿನ್ನುತ್ತದೆ.

ಜುಲೈಯಲ್ಲಿ ಏನಾಗುತ್ತದೆ ಎಂಬುದನ್ನು ಮಾತ್ರ ನಾವು ಸಾಮಾನ್ಯವಾಗಿ ನೋಡಲು ಹೋಗುವುದಿಲ್ಲ. ಸ್ಪರ್ಧೆ ಮುಗಿದು, ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಗಿ, ತಟ್ಟೆ ಅಡುಗೆಮನೆ ಸೇರಿದ ಮೇಲೆ ಆ ಮಗು ತಾನಾಗಿ ಇನ್ನೊಂದು ಪುಸ್ತಕ ಎತ್ತಿಕೊಂಡಿತೇ? ಮನಶ್ಶಾಸ್ತ್ರಜ್ಞರು ಕೇಳಿದ್ದು ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು. ಅವರಿಗೆ ಸಿಕ್ಕಿದ ಉತ್ತರ ಗಡಿನಾಡಿನ ಕನ್ನಡ ಶಾಲೆಗಳಿಗೆ ಬೇರೆ ಶಾಲೆಗಳಿಗಿಂತ ಹೆಚ್ಚು ಮುಖ್ಯವೆಂದು ನನಗನಿಸುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

ಚಿನ್ನದ ನಕ್ಷತ್ರ, ಕೆಂಪು ರಿಬ್ಬನ್

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದಲ್ಲಿ ಬಿಂಗ್ ನರ್ಸರಿ ಎಂಬ ಶಾಲೆಯಿದೆ. ನಮ್ಮ ಅಂಗನವಾಡಿಗೆ ಹೋಗುವ ವಯಸ್ಸಿನ ಮಕ್ಕಳು ಅಲ್ಲಿ ಕಲಿಯುತ್ತಾರೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಅಲ್ಲಿ ಒಂದು ಪ್ರಯೋಗ ಮಾಡಿ 1973ರಲ್ಲಿ ಪ್ರಕಟಿಸಿದರು. ಆಟದ ಹೊತ್ತಿನಲ್ಲಿ ಒಂದು ಮೇಜಿನ ಮೇಲೆ ಬಣ್ಣದ ಸ್ಕೆಚ್ ಪೆನ್ನುಗಳನ್ನೂ ಬಿಳಿ ಹಾಳೆಗಳನ್ನೂ ಇಟ್ಟರು. ಯಾರೂ ಹೇಳದೆ ಯಾವ ಮಕ್ಕಳು ತಾವಾಗಿ ಅಲ್ಲಿಗೆ ಹೋಗಿ ಚಿತ್ರ ಬಿಡಿಸುತ್ತಾರೆ ಎಂದು ಮರೆಯಿಂದ ಗಮನಿಸಿ, ಚಿತ್ರವೆಂದರೆ ಇಷ್ಟವಿರುವ ಮಕ್ಕಳನ್ನೇ ಆರಿಸಿಕೊಂಡರು. ಈ ಮಾತು ನೆನಪಿರಲಿ. ಚಿತ್ರ ಬಿಡಿಸಲು ಒಲ್ಲದ ಮಕ್ಕಳು ಈ ಪ್ರಯೋಗದಲ್ಲಿ ಇರಲೇ ಇಲ್ಲ.

ಹೀಗೆ ಆರಿಸಿದ ಮಕ್ಕಳನ್ನು ಒಬ್ಬೊಬ್ಬರಾಗಿ ಬೇರೆ ಕೋಣೆಗೆ ಕರೆದರು. ಕೆಲವರಿಗೆ ಒಂದು ಪ್ರಮಾಣಪತ್ರ ತೋರಿಸಿದರು. ಅದರಲ್ಲಿ ಚಿನ್ನದ ಬಣ್ಣದ ನಕ್ಷತ್ರ, ಕೆಂಪು ರಿಬ್ಬನ್, ಮಗುವಿನ ಹೆಸರು ಬರೆಯಲು ಜಾಗ. ಚಿತ್ರ ಬಿಡಿಸಿದರೆ ಇದು ನಿನಗೆ ಎಂದರು. ಇನ್ನು ಕೆಲವರಿಗೆ ಮೊದಲೇ ಏನೂ ಹೇಳಲಿಲ್ಲ, ಬಿಡಿಸಿ ಮುಗಿದ ಮೇಲೆ ಅದೇ ಪ್ರಮಾಣಪತ್ರವನ್ನು ಕೈಗಿತ್ತರು. ಮೂರನೆಯ ಗುಂಪಿಗೆ ಹೇಳಿದ್ದೂ ಇಲ್ಲ, ಕೊಟ್ಟದ್ದೂ ಇಲ್ಲ.

ಒಂದೆರಡು ವಾರ ಕಳೆದ ಮೇಲೆ ತರಗತಿಯಲ್ಲಿ ಮತ್ತೆ ಆ ಮೇಜು ಇಟ್ಟರು. ಈ ಸಲ ಬಹುಮಾನದ ಸುದ್ದಿಯಿಲ್ಲ, ಇಷ್ಟವಿದ್ದವರು ಹೋಗಬಹುದು. ಏನೂ ಸಿಗದಿದ್ದ ಮಕ್ಕಳು ತಮ್ಮ ಆಟದ ಹೊತ್ತಿನ ಸುಮಾರು ಶೇಕಡಾ 17ರಷ್ಟನ್ನು ಚಿತ್ರಕ್ಕೆ ಕೊಟ್ಟರು. ಹೇಳದೆ ಬಹುಮಾನ ಪಡೆದವರು ಶೇಕಡಾ 18. ಮೊದಲೇ ಆಸೆ ತೋರಿಸಿ ಬಿಡಿಸಿಕೊಂಡಿದ್ದ ಮಕ್ಕಳು ಶೇಕಡಾ 9ಕ್ಕಿಂತಲೂ ಕಡಿಮೆ. ಎರಡು ವಾರದ ಹಿಂದೆ ತಾವಾಗಿ ಓಡಿಬರುತ್ತಿದ್ದ ಮಕ್ಕಳಿವರು. ಬಹುಮಾನದ ಆಸೆಗೆ ಬಿಡಿಸಿದ ಚಿತ್ರಗಳ ಗುಣವೂ ಉಳಿದವರ ಚಿತ್ರಗಳಿಗಿಂತ ಕಡಿಮೆಯೆಂದು ತೀರ್ಪುಗಾರರು ಹೇಳಿದರು.

ಬಹುಮಾನ ಎರಡು ಗುಂಪಿಗೆ ಸಿಕ್ಕಿತ್ತು, ಆಸಕ್ತಿ ಕುಂದಿದ್ದು ಒಂದರಲ್ಲಿ ಮಾತ್ರ. ಹಾಗಾದರೆ ಕೆಡುಕು ಮಾಡಿದ್ದು ರಿಬ್ಬನ್ ಅಲ್ಲ. "ಮಾಡಿದರೆ ಕೊಡುತ್ತೇನೆ" ಎಂಬ ಕರಾರು.

ಇದು ಯಾಕೆ ಹೀಗೆ? ಸಂಶೋಧಕರ ವಿವರಣೆ ಸರಳವಾಗಿದೆ. ನಾವು ಬೇರೆಯವರ ಮನಸ್ಸನ್ನು ಅವರ ನಡತೆ ನೋಡಿ ಅಂದಾಜು ಮಾಡುವ ಹಾಗೆ ನಮ್ಮ ಮನಸ್ಸನ್ನೂ ಬಹಳ ಸಲ ನಮ್ಮ ನಡತೆಯಿಂದಲೇ ತಿಳಿದುಕೊಳ್ಳುತ್ತೇವೆ. ನಾನು ಇದನ್ನು ಯಾಕೆ ಮಾಡಿದೆ ಎಂದು ಮಗುವಿನ ಮನಸ್ಸು ಒಳಗೊಳಗೇ ಕೇಳಿಕೊಳ್ಳುತ್ತದೆ. ಎದುರಿಗೆ ಬೇರೆ ಕಾರಣವೇನೂ ಕಾಣದಿದ್ದರೆ, ನನಗೆ ಇಷ್ಟ, ಅದಕ್ಕೆ ಮಾಡಿದೆ ಎಂದು ಗಟ್ಟಿಯಾಗುತ್ತದೆ. ಬಹುಮಾನ ಕಣ್ಣಿಗೆ ಕುಕ್ಕುವಂತೆ ನಿಂತಿದ್ದರೆ ಉತ್ತರ ಬದಲಾಗುತ್ತದೆ. ಅದರ ಜೊತೆಗೆ ಇನ್ನೊಂದು ಪಾಠವನ್ನೂ ನಾವು ಗೊತ್ತಿಲ್ಲದೆ ಕಲಿಸುತ್ತೇವೆ. ಹಾಗಲಕಾಯಿ ಪಲ್ಯ ತಿಂದರೆ ಪಾಯಸ ಎನ್ನುತ್ತೇವಲ್ಲ, ಪಾಯಸ ಕುಡಿದರೆ ಪಲ್ಯ ಎಂದು ಯಾವ ಮನೆಯಲ್ಲೂ ಹೇಳುವುದಿಲ್ಲ. ಲಂಚ ಕೊಡಬೇಕಾದ್ದು ಯಾವುದಕ್ಕೆ ಎಂದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಪುಸ್ತಕಕ್ಕೆ ಐಸ್‌ಕ್ರೀಮ್ ಕಟ್ಟಿದ ದಿನ ಪುಸ್ತಕ ಹಾಗಲಕಾಯಿಯ ಸಾಲಿಗೆ ಸೇರುತ್ತದೆ.

ದೊಡ್ಡವರೂ ಇದಕ್ಕೆ ಹೊರತಲ್ಲ. ಎಡ್ವರ್ಡ್ ಡೆಸಿ ಎಂಬವರು 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಸೋಮಾ ಎಂಬ ತುಂಡುಗಳ ಒಗಟು ಕೊಟ್ಟಿದ್ದರು. ಏಳು ತುಂಡುಗಳನ್ನು ಜೋಡಿಸಿ ಬೇಕಾದ ಆಕಾರ ಮಾಡುವ ಆಟ, ಒಮ್ಮೆ ಹಿಡಿದರೆ ಬಿಡಲು ಮನಸ್ಸಾಗದು. ಒಂದು ಗುಂಪಿಗೆ ಬಿಡಿಸಿದ ಪ್ರತಿ ಒಗಟಿಗೂ ಒಂದು ಡಾಲರ್ ಕೊಟ್ಟರು. ದುಡ್ಡು ನಿಂತ ಮೇಲೆ, ಮೇಲ್ವಿಚಾರಕ ಹೊರಗೆ ಹೋದ ಬಿಡುವಿನ ಹೊತ್ತಿನಲ್ಲಿ, ದುಡ್ಡು ಪಡೆದವರ ಕೈ ಒಗಟಿನತ್ತ ಹೋಗುವುದು ಕಡಿಮೆಯಾಯಿತು. ಅದೇ ಸರಣಿಯ ಇನ್ನೊಂದು ಪ್ರಯೋಗದಲ್ಲಿ ದುಡ್ಡಿನ ಬದಲು ಮೆಚ್ಚುಗೆಯ ಮಾತು ಹೇಳಿದಾಗ ಆಸಕ್ತಿ ಕುಂದಲಿಲ್ಲ. ಮುಂದೆ ಡೆಸಿ ಮತ್ತು ರಿಚರ್ಡ್ ರಯಾನ್ ಸೇರಿ ಇದನ್ನೆಲ್ಲ ಒಂದು ಸಿದ್ಧಾಂತವಾಗಿ ಬೆಳೆಸಿದರು. ಮನುಷ್ಯ ಒಂದು ಕೆಲಸಕ್ಕೆ ಮನಸಾರೆ ಅಂಟಿಕೊಳ್ಳಲು ಮೂರು ಬೇಕು ಎನ್ನುತ್ತಾರೆ ಅವರು: ಇದು ನಾನೇ ಆರಿಸಿಕೊಂಡದ್ದು ಎಂಬ ಭಾವ, ಇದು ನನಗೆ ಬರುತ್ತದೆ ಎಂಬ ಧೈರ್ಯ, ಇದರಲ್ಲಿ ನನ್ನ ಜೊತೆ ನನ್ನವರಿದ್ದಾರೆ ಎಂಬ ನಂಟು.

ಎಲ್ಲ ಬಹುಮಾನವೂ ಕೆಟ್ಟದ್ದೇ?

ಅಲ್ಲ. ಈ ವಿಷಯದಲ್ಲಿ ವಿದ್ವಾಂಸರ ನಡುವೆ ದೊಡ್ಡ ಜಗಳವೇ ನಡೆದಿದೆ. ಜೂಡಿ ಕ್ಯಾಮರಾನ್ ಮತ್ತು ಡೇವಿಡ್ ಪಿಯರ್ಸ್ 1994ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ನೋಡಿ, ಬಹುಮಾನದಿಂದ ಆಗುವ ಹಾನಿಯನ್ನು ಉಬ್ಬಿಸಿ ಹೇಳುತ್ತಿದ್ದಾರೆ ಎಂದರು. ಡೆಸಿ, ಕೋಸ್ಟ್ನರ್, ರಯಾನ್ 1999ರಲ್ಲಿ 128 ಪ್ರಯೋಗಗಳನ್ನು ಎಣಿಸಿ ಉತ್ತರ ಕೊಟ್ಟರು. ಮೊದಲೇ ಹೇಳಿ ಕೊಡುವ ವಸ್ತುರೂಪದ ಬಹುಮಾನ, ಇಷ್ಟವಿರುವ ಕೆಲಸದ ಮೇಲಿನ ಆಸಕ್ತಿಯನ್ನು ಕುಂದಿಸುತ್ತದೆ. ಮಕ್ಕಳಲ್ಲಿ ಇದು ಕಾಲೇಜಿನವರಿಗಿಂತ ಹೆಚ್ಚು ಎಂಬುದು ಅವರ ಲೆಕ್ಕ. ಆದರೆ ಮೊದಲೇ ಬೇಸರ ತರುವ ಕೆಲಸದಲ್ಲಿ ಬಹುಮಾನದಿಂದ ಅಂಥ ನಷ್ಟವಿಲ್ಲ ಎಂಬುದನ್ನು ಎರಡೂ ಕಡೆಯವರು ಒಪ್ಪುತ್ತಾರೆ. ಇಲ್ಲದ ಇಷ್ಟ ಕಡಿಮೆಯಾಗುವುದಾದರೂ ಹೇಗೆ?

ಹಾಗಾಗಿ ಹದಿನೇಳರ ಮಗ್ಗಿ ಬಾಯಿಪಾಠ ಮಾಡಿಸಲು, ಕಾಪಿ ಬರೆಸಲು, ಹಲ್ಲುಜ್ಜಿಸಲು ನಿಮ್ಮ ಹತ್ತಿರ ಏನು ಆಸೆ ತೋರಿಸುವುದಿದೆಯೋ ತೋರಿಸಿ. ಎಲ್‌ಎಸ್‌ಎಸ್, ಯುಎಸ್‌ಎಸ್ ಸ್ಕಾಲರ್‌ಶಿಪ್ ಪರೀಕ್ಷೆಗಳನ್ನೂ ನಾನು ದೂರುವುದಿಲ್ಲ, ಬಡ ಮನೆಯ ಮಗುವಿಗೆ ಆ ಹಣವೂ ಹೆಸರೂ ಬೇಕಾದ್ದೇ. ಕಲೋತ್ಸವದ ಗ್ರೇಸ್ ಮಾರ್ಕಿನ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಅನುಮಾನವಿದೆ. ರಾಜ್ಯ ಮಟ್ಟದಲ್ಲಿ ಗ್ರೇಡ್ ಬಂದರೆ ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಸೇರುತ್ತದೆ ಎಂದು ಯಕ್ಷಗಾನದ ಗೆಜ್ಜೆ ಕಟ್ಟಿದ ಹುಡುಗನೂ, ಮೇಳದ ಆಟವನ್ನು ರಾತ್ರಿಯಿಡೀ ನಿದ್ದೆಗೆಟ್ಟು ನೋಡಿ ಗೆಜ್ಜೆ ಕಟ್ಟಿದ ಹುಡುಗನೂ ವೇದಿಕೆಯ ಮೇಲೆ ಒಂದೇ ತರಹ ಕುಣಿಯಬಹುದು. ಹತ್ತನೇ ಕ್ಲಾಸಿನ ಫಲಿತಾಂಶ ಬಂದ ಮೇಲೂ ಕುಣಿಯುವವನು ಯಾರು ಎಂದು ನಿಮ್ಮ ಊರಿನಲ್ಲೇ ನೋಡಿ.

ದುಡ್ಡು ಕೊಟ್ಟು ಓದಿಸಿದ ಡಲ್ಲಸ್

ಓದಿನ ವಿಷಯಕ್ಕೇ ಬರೋಣ. ಪುಸ್ತಕ ಓದಿದ್ದಕ್ಕೆ ನಿಜವಾಗಿ ದುಡ್ಡನ್ನೇ ಕೊಟ್ಟು ನೋಡಿದವರಿದ್ದಾರೆ. ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ 2007ರ ಸುಮಾರಿಗೆ ಅಮೆರಿಕದ ಕೆಲವು ದೊಡ್ಡ ನಗರಗಳ ಶಾಲೆಗಳಲ್ಲಿ ಈ ಪ್ರಯೋಗ ನಡೆಸಿದರು. ನ್ಯೂಯಾರ್ಕಿನಲ್ಲಿ ನಾಲ್ಕನೆಯ ಮತ್ತು ಏಳನೆಯ ತರಗತಿಯ ಮಕ್ಕಳಿಗೆ ಪರೀಕ್ಷೆಯ ಅಂಕ ನೋಡಿ ಹಣ ಕೊಟ್ಟರು. ಪ್ರಯೋಜನವಾಗಲಿಲ್ಲ. ಮಕ್ಕಳಿಗೆ ಹಣ ಬೇಕಿತ್ತು, ಆದರೆ ಅಂಕ ಹೆಚ್ಚಿಸಲು ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಕೇಳಿದಾಗ ಅವರು ಪರೀಕ್ಷೆ ಬರೆಯುವ ಉಪಾಯಗಳ ಮಾತಾಡಿದರೇ ಹೊರತು ಪಾಠ ಓದುವ, ಟೀಚರನ್ನು ಕೇಳುವ ಮಾತೆತ್ತಲಿಲ್ಲ.

ಟೆಕ್ಸಾಸಿನ ಡಲ್ಲಸ್ ನಗರದಲ್ಲಿ ಬೇರೆ ರೀತಿ ಮಾಡಿದರು. ಎರಡನೆಯ ತರಗತಿಯ ಮಕ್ಕಳು ಒಂದು ಪುಸ್ತಕ ಓದಿ, ಅದರ ಮೇಲೆ ಕಂಪ್ಯೂಟರ್ ಕೇಳುವ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದರೆ 2 ಡಾಲರ್. ಇಲ್ಲಿ ಫಲ ಸಿಕ್ಕಿತು. ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದ ಮಕ್ಕಳಲ್ಲಿ ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಹೆಚ್ಚಿತು. ಏನು ಮಾಡಬೇಕೆಂದು ಮಗುವಿಗೆ ಸ್ಪಷ್ಟವಾಗಿ ಗೊತ್ತಿದ್ದುದೇ ಇದಕ್ಕೆ ಕಾರಣ ಎಂದು ಫ್ರೈಯರ್ ಹೇಳುತ್ತಾರೆ. ಬಹುಮಾನವನ್ನು ಕಣ್ಣುಮುಚ್ಚಿ ಬೈಯುವವರು ಡಲ್ಲಸ್ಸಿನ ಈ ಫಲಿತಾಂಶವನ್ನು ಮರೆಯಬಾರದು.

ಆದರೆ ಆ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಗಡಿಯಲ್ಲಿ ಕುಳಿತು ಓದುವ ನಮಗೆ ಅದೇ ಮೊದಲು ಕಣ್ಣಿಗೆ ಬೀಳಬೇಕು. ಡಲ್ಲಸ್ಸಿನ ಬಹಳಷ್ಟು ಮಕ್ಕಳ ಮನೆಮಾತು ಸ್ಪ್ಯಾನಿಷ್. ಅವರಲ್ಲಿ ಎಷ್ಟೋ ಮಂದಿ ಎರಡನೆಯ ತರಗತಿಯ ಪರೀಕ್ಷೆಯನ್ನು ಸ್ಪ್ಯಾನಿಷಿನಲ್ಲೇ ಬರೆಯುತ್ತಿದ್ದರು. ಆ ಮಕ್ಕಳಲ್ಲಿ ಇಂಥ ಏರಿಕೆ ಕಾಣಲಿಲ್ಲ. ಒಂದು ಕಾರಣ ಇದಿರಬಹುದೆಂದು ಫ್ರೈಯರ್ ಊಹಿಸಿದರು: ಹಣಕ್ಕಾಗಿ ಓದಿದ ಪುಸ್ತಕಗಳು ಹೆಚ್ಚಿನವೂ ಇಂಗ್ಲಿಷಿನವು, ಸ್ಪ್ಯಾನಿಷಿಗೆ ಹೋಗಬೇಕಿದ್ದ ಹೊತ್ತನ್ನು ಅವು ತಿಂದವು. ಬಹುಮಾನ ಎಂಬುದು ನೀರಿನ ಹಾಗೆ ಇಳಿಜಾರಿನತ್ತ ಹರಿಯಿತು. ಯಾವ ಭಾಷೆಯ ಪುಸ್ತಕ ಕಪಾಟಿನಲ್ಲಿ ಹೆಚ್ಚಿತ್ತೋ ಆ ಕಡೆಗೆ.

ಈಗ ನಿಮ್ಮ ಮಗುವನ್ನು ಯೋಚಿಸಿ. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಟಿ ಅಥವಾ ಬ್ಯಾರಿ. ಶಾಲೆಯಲ್ಲಿ ಕನ್ನಡ. ಬಸ್ಸಿನ ಬೋರ್ಡಿನಲ್ಲಿ, ಪೇಟೆಯಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ, ಟಿವಿಯಲ್ಲಿ ಮಲಯಾಳ ಅಥವಾ ಇಂಗ್ಲಿಷ್. ಅಕ್ಕಲಕೋಟೆ, ಜತ್ತದ ಕಡೆ ಮಲಯಾಳದ ಜಾಗದಲ್ಲಿ ಮರಾಠಿ, ಮಡಕಶಿರಾದಲ್ಲಿ ತೆಲುಗು, ಅಷ್ಟೇ ವ್ಯತ್ಯಾಸ. ಹೊರಗಿನಿಂದ ಬರುವ ಒತ್ತಾಯ, ಆಸೆ, ಉದ್ಯೋಗದ ಭರವಸೆ ಇವೆಲ್ಲ ರಾಜ್ಯದ ಭಾಷೆಯ ಕಡೆಗೂ ಇಂಗ್ಲಿಷಿನ ಕಡೆಗೂ ದೂಡುತ್ತವೆ. ಅದರಲ್ಲಿ ತಪ್ಪೂ ಇಲ್ಲ, ಆ ಭಾಷೆಗಳನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ಆದರೆ ಕನ್ನಡದ ಕಥೆಪುಸ್ತಕವನ್ನು ಓದು ಎಂದು ಮಗುವನ್ನು ದೂಡುವ ಶಕ್ತಿ ಹೊರಗೆ ಏನಿದೆ? ಪಾಠದ ಪುಸ್ತಕದಾಚೆಗೆ ಹೆಚ್ಚೇನೂ ಇಲ್ಲ. ಓದಬೇಕಾದರೆ ಮಗುವಿಗೆ ಓದಬೇಕು ಅನಿಸಬೇಕು.

ಭಾಷೆ ಕಲಿಯುವ ಹಂಬಲವನ್ನು ಮೊದಲು ಕ್ರಮವಾಗಿ ಅಧ್ಯಯನ ಮಾಡಿದವರು ಕೆನಡಾದ ರಾಬರ್ಟ್ ಗಾರ್ಡ್‌ನರ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್. ಮಾಂಟ್ರಿಯಲ್ ನಗರದಲ್ಲಿ ಫ್ರೆಂಚ್ ಕಲಿಯುತ್ತಿದ್ದ 75 ಮಂದಿ ಇಂಗ್ಲಿಷ್ ಮನೆಮಾತಿನ ಹೈಸ್ಕೂಲು ವಿದ್ಯಾರ್ಥಿಗಳನ್ನು ನೋಡಿ 1959ರಲ್ಲಿ ಬರೆದರು: ನೌಕರಿಗೆ ಬೇಕು ಎಂದು ಕಲಿಯುವವರಿಗಿಂತ, ಆ ಭಾಷೆಯ ಜನರನ್ನು ತಿಳಿಯಬೇಕು, ಅವರೊಡನೆ ಬೆರೆಯಬೇಕು ಎಂದು ಕಲಿಯುವವರು ಮುಂದಿದ್ದರು. ಮುಂದೆ ಫಿಲಿಪ್ಪೀನ್ಸ್‌ನಲ್ಲಿ ನೋಡಿದಾಗ ಚಿತ್ರ ಬೇರೆಯಿತ್ತು. ಅಲ್ಲಿ ಇಂಗ್ಲಿಷಿಗೆ ಉದ್ಯೋಗದ ಬೆಲೆ ಬಹಳ, ಆದ್ದರಿಂದ ಪ್ರಯೋಜನದ ಆಸೆಯೂ ಚೆನ್ನಾಗಿ ಕೆಲಸ ಮಾಡಿತು. ಎರಡನ್ನೂ ಜೋಡಿಸಿ ನೋಡಿ. ಎಲ್ಲಿ ಭಾಷೆಗೆ ಹೊರಗಿನ ಬೆಲೆಯಿದೆಯೋ ಅಲ್ಲಿ ಪ್ರಯೋಜನ ಸಾಕು. ಎಲ್ಲಿ ಅದು ಕಡಿಮೆಯೋ ಅಲ್ಲಿ ನಂಟೇ ಬೇಕು. ಗಡಿನಾಡಿನ ಕನ್ನಡ ಈ ಎರಡನೆಯ ಸಾಲಿನದು. ಮಗುವಿನ ಒಳಗಿನ ಇಷ್ಟವೇ ನಮ್ಮ ಕೈಯಲ್ಲಿರುವ ಬಂಡವಾಳ, ಅದನ್ನು ಒಂದು ಸ್ಟೀಲು ತಟ್ಟೆಗೆ ಮಾರಿಬಿಡುವುದು ನಷ್ಟದ ವ್ಯಾಪಾರ.

ಹಾಗಾದರೆ ವಾಚನಾ ವಾರದಲ್ಲಿ ಏನು ಮಾಡೋಣ?

ಪಿಟಿಎಯವರು ಬಹುಮಾನಕ್ಕೆಂದು ಹಣ ಎತ್ತಿಟ್ಟಿರುತ್ತಾರೆ, ಪ್ರಾಯೋಜಕರೂ ಸಿಗುತ್ತಾರೆ. ಬೇಡ ಎನ್ನುವುದು ಕಷ್ಟ. ಬೇಡ ಎನ್ನಬೇಕಾಗಿಯೂ ಇಲ್ಲ. ಬಾರ್ಬರಾ ಮಾರಿನಾಕ್ ಮತ್ತು ಲಿಂಡಾ ಗ್ಯಾಂಬ್ರೆಲ್ ಎಂಬ ಇಬ್ಬರು 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮೂರನೆಯ ತರಗತಿಯ ಮಕ್ಕಳಲ್ಲಿ ಓದಿದ್ದಕ್ಕೆ ಕೆಲವರಿಗೆ ಸಣ್ಣಪುಟ್ಟ ಆಟದ ಸಾಮಾನು, ಕೆಲವರಿಗೆ ಪುಸ್ತಕ ಕೊಟ್ಟರು, ಕೆಲವರಿಗೆ ಏನೂ ಕೊಡಲಿಲ್ಲ. ಆಮೇಲೆ ಬಿಡುವಿನಲ್ಲಿ ಓದಿನ ಕಡೆ ಹೆಚ್ಚು ಒಲವು ತೋರಿದವರು ಪುಸ್ತಕ ಪಡೆದ ಮಕ್ಕಳು ಮತ್ತು ಏನೂ ಪಡೆಯದ ಮಕ್ಕಳು. ಆಟದ ಸಾಮಾನು ಪಡೆದವರು ಹಿಂದೆ ಬಿದ್ದರು. ಓದಿಗೆ ಓದನ್ನೇ ಕೊಟ್ಟರೆ ಓದಿನ ಬೆಲೆ ಇಳಿಯುವುದಿಲ್ಲ. ಲೋಟ, ತಟ್ಟೆ, ಟಿಫಿನ್ ಡಬ್ಬಿಯ ಪ್ರಾಯೋಜಕರಿಗೆ ಇಷ್ಟು ಹೇಳಿ ನೋಡಿ. ಪುಸ್ತಕವನ್ನು ಮಗುವೇ ಹತ್ತರಲ್ಲಿ ಒಂದಾಗಿ ಆರಿಸಿಕೊಳ್ಳಲಿ. ದೊಡ್ಡವರು ಆರಿಸಿದ ಮಹಾಪುರುಷರ ಜೀವನಚರಿತ್ರೆ ಎಷ್ಟು ಮನೆಗಳಲ್ಲಿ ಸುರುಳಿಕಾಗದ ಬಿಚ್ಚದೆ ಕುಳಿತಿದೆ ಎಂಬುದು ನಿಮಗೂ ಗೊತ್ತು.

ಎಷ್ಟು ಪುಸ್ತಕ ಎಂದು ಎಣಿಸುವ ಸ್ಪರ್ಧೆಯನ್ನು ಬಿಡುವುದು ಒಳ್ಳೆಯದು. ಎಣಿಸಲು ಹೊರಟರೆ ಮಕ್ಕಳು ತೆಳ್ಳಗಿನ ಪುಸ್ತಕ ಹುಡುಕುತ್ತಾರೆ. ಅದು ಬುದ್ಧಿವಂತಿಕೆಯೇ ಸರಿ, ಓದಲ್ಲ.

ಹೊಗಳುವಾಗಲೂ ಸ್ವಲ್ಪ ನೋಡಿಕೊಂಡು ಹೊಗಳಿ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದನೆಯ ತರಗತಿಯ ಮಕ್ಕಳಿಗೆ ಒಗಟು ಕೊಟ್ಟು, ಕೆಲವರಿಗೆ ನೀನು ಜಾಣ ಎಂದೂ ಕೆಲವರಿಗೆ ನೀನು ಕಷ್ಟಪಟ್ಟು ಮಾಡಿದ್ದೀ ಎಂದೂ ಹೇಳಿದರು. ನಡುವೆ ಒಂದು ಕಠಿಣ ಸುತ್ತಿನಲ್ಲಿ ಎಲ್ಲರೂ ಸೋತರು. ಆಮೇಲೆ ಮತ್ತೆ ಸುಲಭದ ಒಗಟು ಬಂದಾಗ ಜಾಣರೆನಿಸಿಕೊಂಡವರು ಮೊದಲಿಗಿಂತ ಕೆಳಗಿಳಿದರು, ಕಷ್ಟಪಟ್ಟವರೆನಿಸಿಕೊಂಡವರು ಮೇಲೇರಿದರು. ತಾನು ಪಡೆದ ಅಂಕವನ್ನು ಬರೆಯಲು ಹೇಳಿದಾಗ ಜಾಣರೆನಿಸಿಕೊಂಡವರಲ್ಲಿ ಹತ್ತಿರ ಹತ್ತಿರ ಶೇಕಡಾ 40ರಷ್ಟು ಮಂದಿ ಸುಳ್ಳು ಬರೆದರು. ಹೊಗಳಿಕೆಯ ಸಿಂಹಾಸನದಿಂದ ಇಳಿಯುವುದು ಹತ್ತು ವರ್ಷದ ಮಗುವಿಗೂ ಕಷ್ಟ. ಹಾಗಾಗಿ "ಜಾಣೆ" ಎಂದು ಬಿಟ್ಟುಬಿಡುವ ಬದಲು ಆ ಕಥೆಯನ್ನೇ ಕೇಳಿ. ಅಜ್ಜಿಗೆ ಅದನ್ನು ತುಳುವಿನಲ್ಲಿ ಹೇಳು ಎನ್ನಿ. ಮಗು ಪುಸ್ತಕದ ಕನ್ನಡವನ್ನು ತನ್ನ ಮನೆಮಾತಿಗೆ ತಿರುಗಿಸುವಾಗ ಎಲ್ಲಿ ತಡವರಿಸುತ್ತದೋ ಅಲ್ಲಿ ನಿಲ್ಲಿಸಿ ತಿದ್ದಬೇಡಿ. ಅಜ್ಜಿಯೇ ಏನಾದರೂ ಕೇಳುತ್ತಾರೆ.

ಇನ್ನು ಶಾಲೆಯ ಕಪಾಟು. ಮುಂದಿನ ಪಿಟಿಎ ಸಭೆಯಲ್ಲಿ ಬಹುಮಾನದ ಪಟ್ಟಿ ಓದುವ ಮೊದಲು ನೀವು ಎದ್ದು ಕೆಲವು ಪ್ರಶ್ನೆ ಕೇಳಬಹುದು. ನಮ್ಮ ಲೈಬ್ರರಿಯಲ್ಲಿ ಕನ್ನಡದ ಪುಸ್ತಕ ಎಷ್ಟಿವೆ? ಅವುಗಳಲ್ಲಿ ಎರಡನೆಯ ಕ್ಲಾಸಿನ ಮಗು ತಾನಾಗಿ ಓದಬಹುದಾದಷ್ಟು ದೊಡ್ಡ ಅಕ್ಷರದ್ದು ಎಷ್ಟು? ಹೊಸದು ಬಂದದ್ದು ಯಾವ ವರ್ಷ? ಕಪಾಟಿನ ಬೀಗದ ಕೈ ಆಫೀಸಿನಲ್ಲಿದೆಯೋ ತರಗತಿಯಲ್ಲಿದೆಯೋ? ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆದು ಬಂದ ಮಗು, ಯಾರನ್ನೂ ಕೇಳದೆ, ರಿಜಿಸ್ಟರಿನಲ್ಲಿ ಸಹಿ ಹಾಕದೆ, ಅದರೊಳಗಿಂದ ಒಂದು ಪುಸ್ತಕ ತೆಗೆದುಕೊಳ್ಳಬಹುದೇ?